ಮತ್ತಿತಿಟ್ಟಿನಲ್ಲಿ ಉಳಿದ ಟಗರು

೧೯೯೮ರಲ್ಲಿ, ಎಂಟನೇ ತರಗತಿಯ ನಡುವೆ, ನಾನು ಓದು ನಿಲ್ಲಿಸಿದೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಅವತ್ತು ಸಮಾಜ ಪಾಠದ ಮೇಷ್ಟ್ರು ದ್ವೀಪ ಎಂದರೇನು ಎಂದು ಕೇಳಿದ್ದರು. ನಾಲ್ಕು ಕಡೆಯೂ ನೀರಿರುವ ನೆಲ ಎಂದು ಮುಂದಿನ ಬೆಂಚಿನವರು ಒಪ್ಪಿಸಿದರು. ನಾನು ಎದ್ದು, "ಸಾ, ನಮ್ಮ ಮತ್ತಿತಿಟ್ಟಿಗೆ ಮಳೆಗಾಲದಲ್ಲಿ ನಾಕು ಕಡೆ ನೀರು, ಬ್ಯಾಸ್ಗೇಲಿ ಒಂದು ಕಡೆ ನಡ್ಕೊಂಡೇ ಓಗ್ಬೋದು. ಅದು ದ್ವೀಪವಾ, ಅಲ್ವಾ?" ಎಂದೆ.

ಮೇಷ್ಟ್ರು ನಕ್ಕು, "ಅದೂ ನಿನ್ನ ಥರಾನೇ ಕಣೋ. ಬೇಸಿಗೆ ರಜದಲ್ಲಿ ಕೈಗೆ ಸಿಗುತ್ತೆ, ಮಳೆಗಾಲ ಬಂದ್ರೆ ಸಿಗಲ್ಲ" ಎಂದರು. ಕ್ಲಾಸೆಲ್ಲ ನಕ್ಕಿತು. ನನಗೇನೂ ಬೇಜಾರಾಗಲಿಲ್ಲ, ಅವರು ಹೇಳಿದ್ದು ನಿಜವೇ. ಹೊಳೆಯಲ್ಲಿ ನೀರಿದ್ದ ದಿನವೆಲ್ಲ ನಾನು ಸೋದರಮಾವನ ದುಂಡು ತೆಪ್ಪದಲ್ಲಿರುತ್ತಿದ್ದೆ. ಆ ವಾರದಿಂದ ಪೂರ್ತಿ ಅಲ್ಲೇ ಉಳಿದೆ. ಈ ಕೈಗಳನ್ನು ನೋಡಿ ಯಾರೂ ನನ್ನನ್ನು ಸೋಮಾರಿ ಎಂದಿಲ್ಲ.

ಇವತ್ತು ಬೆಳಿಗ್ಗೆ ಮಳೆ ಬಂತು. ಕೊಟ್ಟಿಗೆಯಿಂದ ಒದ್ದೆ ಕುರಿಯ ವಾಸನೆ ಎದ್ದಿತು. ಆ ವಾಸನೆ ಮೂಗಿಗೆ ಬಡಿದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಕಾಫಿ ಲೋಟ ಹಿಡಿದುಕೊಂಡೇ ಹೊಳೆ ದಂಡೆಗೆ ಹೋಗಿ ತಿಟ್ಟನ್ನು ನೋಡಿ ಬಂದೆ.

"ಅಲ್ಲೇ ಅದಾ? ಯಾರೂ ಒತ್ಕೊಂಡೋಗ್ನಿಲ್ವಾ?" ಎಂದಳು ನನ್ನ ಹೆಂಡತಿ ಜಯ.

ಮೂರು ವರ್ಷದ ಹಿಂದಿನ ಆ ಮಳೆಗಾಲದಲ್ಲೂ ಅವಳು ಹೀಗೇ ಕೇಳುತ್ತಿದ್ದಳು. ಆಗ ಮಾತ್ರ ಅದು ತಮಾಷೆಯಾಗಿರಲಿಲ್ಲ.

ಬೆಳಕವಾಡಿ ದಾಟಿ ಶಿವನಸಮುದ್ರದ ರಸ್ತೆಯಿಂದ ಕಬ್ಬಿನ ಗದ್ದೆಗಳ ನಡುವೆ ಇಳಿದರೆ ನಮ್ಮೂರು, ಊರು ಮುಗಿದರೆ ಹೊಳೆ. ಹೊಳೆಯ ನಡುವೆ ಮತ್ತಿತಿಟ್ಟು. ಒಂದು ಜೊತೆ ಎತ್ತು ಕಟ್ಟಿದರೆ ಒಂದೇ ದಿನದಲ್ಲಿ ಉತ್ತು ಮುಗಿಸಬಹುದಾದಷ್ಟು ನೆಲ. ನೀರು ಬರುವ ಕಡೆ ತಲೆಯಲ್ಲಿ ಬಂಡೆ, ಬಾಲದಲ್ಲಿ ಮರಳು, ನಡುವೆ ದಿಬ್ಬದಂತೆ ಎದ್ದ ಮಣ್ಣು. ಆ ದಿಬ್ಬದ ಮೇಲೆ ಇಬ್ಬರು ತಬ್ಬಿದರೂ ಸಿಗದ ಹೊಳೆಮತ್ತಿ ಮರ, ಅದರ ಬುಡದಲ್ಲಿ ಅರಿಶಿನ ಬಳಿದ ಕಲ್ಲು. ಅದೇ ತಿಟ್ಟಿನಮ್ಮ. ಮರದ ತುಂಬ ಬಾವಲಿಗಳು ಹರಿದ ಕೊಡೆಗಳ ಹಾಗೆ ನೇತಾಡುತ್ತವೆ. ಬಂಡೆಯ ಮೇಲೆ ನೀರುಕಾಗೆಗಳು ರೆಕ್ಕೆ ಒಣಗಿಸುತ್ತವೆ. ಬಿಸಿಲಿದ್ದರೆ ಒಂದು ಮೊಸಳೆ ಬಾಯಿ ತೆರೆದುಕೊಂಡು ಮಲಗಿರುತ್ತದೆ. ಮರಳಿನ ಹತ್ತಿರ ನೀರುನಾಯಿಗಳ ಒಂದು ಸಂಸಾರ. ಮೀನು ಹಿಡಿಯುವವರ ಬಲೆ ಹರಿದು ದಿನಾ ಬೈಸಿಕೊಳ್ಳುವ ಜಾತಿ ಅದು.

ಜಲಪಾತ ನೋಡಲು ಬಂದವರನ್ನು ತೆಪ್ಪದಲ್ಲಿ ಕೂರಿಸಿಕೊಂಡು ತಿಟ್ಟನ್ನು ಒಂದು ಸುತ್ತು ಹಾಕಿಸುವುದು ನನ್ನ ಕೆಲಸ. ನಡುನೀರಿನಲ್ಲಿ ತೆಪ್ಪವನ್ನು ಬುಗುರಿಯ ಹಾಗೆ ತಿರುಗಿಸಿದರೆ ಹೆಂಗಸರು ಕಿರುಚುತ್ತಾರೆ, ಗಂಡಸರು ಕಿರುಚದ ಹಾಗೆ ನಟಿಸುತ್ತಾರೆ. ಹರಕೆ ಹೊತ್ತವರನ್ನು ಮಾತ್ರ ತಿಟ್ಟಿನ ಮೇಲೆ ಇಳಿಸುತ್ತೇನೆ. ಪ್ರಾಣಿ ಬಲಿ ಕೊಡಬಾರದು ಎಂದು ದಡದಲ್ಲಿ ಬೋರ್ಡಿದೆ. ಜನ ಬೋರ್ಡಿಗೆ ಕೈ ಮುಗಿದು, ತೆಪ್ಪ ಹತ್ತುತ್ತಾರೆ.

ಮೂರು ವರ್ಷದ ಹಿಂದಿನ ಆ ಮಳೆಗಾಲದಲ್ಲಿ ಮೇಲಧಿಕಾರಿಗಳು ಹೇಳಿಬಿಟ್ಟಿದ್ದರು: ಒಂದೇ ಒಂದು ಅನಾಹುತವಾದರೂ ಮತ್ತಿತಿಟ್ಟಿಗೆ ತೆಪ್ಪ ಹೋಗುವುದು ಪೂರ್ತಿ ಬಂದ್.

ಆಷಾಢದ ಒಂದು ಮಂಗಳವಾರ ಭಾರತೀನಗರದ ಕಡೆಯಿಂದ ಬೋರೇಗೌಡರು ಸಂಸಾರ ಸಮೇತ ಬಂದರು. ಕಬ್ಬು ಬೆಳೆಯುವ ಗಟ್ಟಿ ಕುಳ, ಮಾತು ಇನ್ನೂ ಗಟ್ಟಿ. ಹರಕೆ ಅವರದಲ್ಲ, ಅವರ ತಂಗಿ ಪುಟ್ಟತಾಯಮ್ಮನದು. ಯಲಿಯೂರಿಗೆ ಕೊಟ್ಟ ಹೆಣ್ಣುಮಗಳು. ಅವರ ಮಗಳಿಗೆ ಹೆರಿಗೆ ಕಷ್ಟವಾಗಿ, ಕೂಸು ಉಳಿಯುವುದೇ ಅನುಮಾನವಾಗಿದ್ದಾಗ, ತಿಟ್ಟಿನಮ್ಮನಿಗೆ ಟಗರು ಒಪ್ಪಿಸುತ್ತೇನೆಂದು ಹೊತ್ತುಕೊಂಡಿದ್ದರಂತೆ. ಕೂಸು ಉಳಿದು ಆರು ತಿಂಗಳಾಗಿ ಅಜ್ಜಿಯ ಮಡಿಲಲ್ಲಿ ಕೂತಿತ್ತು. ಟಗರು ಅಚ್ಚ ಬಂಡೂರು ತಳಿಯದು: ಗಿಡ್ಡ ಕಾಲು, ಅಗಲ ಬೆನ್ನು, ಮೈಯೆಲ್ಲ ಬಿಳಿ, ಮುಖ ಮಾತ್ರ ಕಂದು.

ಅಣೆಕಟ್ಟೆಯಿಂದ ರಾತ್ರಿ ಹೆಚ್ಚು ನೀರು ಬಿಡುತ್ತಾರೆ ಎಂದು ಸುದ್ದಿಯಿತ್ತು. ಅದು ನಮ್ಮಲ್ಲಿಗೆ ತಲುಪುವುದು ಮಾರನೆಯ ದಿನ. ಮಧ್ಯಾಹ್ನದೊಳಗೆ ಪೂಜೆ ಮುಗಿಸಿ ಈಚೆಗೆ ಬಂದು, ಬಾಡೂಟ ಈ ದಡದಲ್ಲೇ ಎಂದು ಮಾತಾಗಿತ್ತು.

ಮೊದಲ ಸಲಕ್ಕೆ ಬೋರೇಗೌಡರು, ಪುಟ್ಟತಾಯಮ್ಮ, ಕೂಸು, ಕೂಸಿನ ತಾಯಿ ಮತ್ತು ಟಗರನ್ನು ಕೂರಿಸಿಕೊಂಡೆ. ನಡುಹೊಳೆಯಲ್ಲಿ ಸುಳಿಗೆ ಸಿಕ್ಕಿ ತೆಪ್ಪ ವಾಲಿ ಒಂದು ಬೊಗಸೆ ನೀರು ಟಗರಿನ ತಲೆಯ ಮೇಲೆ ಬಿತ್ತು. ಅದು ಕಿವಿಯಿಂದ ಬಾಲದವರೆಗೆ ಮೈ ಒದರಿತು. ನೀರೆಲ್ಲ ನಮ್ಮ ಮುಖದ ಮೇಲೆ, ಬೋರೇಗೌಡರ ಇಸ್ತ್ರಿ ಪಂಚೆಯ ಮೇಲೆ. ಕೂಸು ಕೇಕೆ ಹಾಕಿ ನಕ್ಕಿತು.

"ಥೂ ನಿನ್ನ! ವಸಿ ತಡ್ಕಳಾಕ್ಕಾಗ್ನಿಲ್ವಾ?" ಎಂದು ಗೌಡರು ಟಗರಿಗೆ ಬೈದರು.

ತಿಟ್ಟು ಹತ್ತಿ, ಇನ್ನೊಂದು ಸಲಕ್ಕೆ ಉಳಿದ ಗಂಡಸರನ್ನೂ ತಂದಿಳಿಸಿದೆ. ಪೂಜೆಯಾಯಿತು. ಟಗರಿನ ಕೊರಳಿಗೆ ಹೂವು ಹಾಕಿ, ಚೊಂಬಿನಲ್ಲಿ ಹೊಳೆಯ ನೀರು ತುಂಬಿ, ಅರಿಶಿನ ಕದಡಿ ನೆತ್ತಿಗೆ ಹಾಕಿದರು. ನಮ್ಮ ಕಡೆಯ ಪದ್ಧತಿ ಎಲ್ಲರಿಗೂ ಗೊತ್ತು. ತೀರ್ಥ ಬಿದ್ದಾಗ ಟಗರು ಮೈ ಒದರಿದರೆ ಅಮ್ಮ ಒಪ್ಪಿದಳು ಎಂದು ಅರ್ಥ. ಒದರುವವರೆಗೆ ಕತ್ತಿ ಎತ್ತುವ ಹಾಗಿಲ್ಲ.

ಟಗರು ಒದರಲಿಲ್ಲ.

ಇನ್ನೊಂದು ಚೊಂಬು ಹಾಕಿದರು. ಕಿವಿಯೊಳಕ್ಕೆ ಬಿಟ್ಟರು. ಬೆನ್ನ ಮೇಲೆ ಸುರಿದರು. ಅದು ತೊಯ್ದ ದಿಂಬಿನ ಹಾಗೆ ನಿಂತು ಮೆಲುಕು ಹಾಕಿತು. ಬಂದವರಲ್ಲಿ ಒಬ್ಬರು, "ತಣ್ಣೀರು ಕಣಣ್ಣ, ಬಿಸ್ನೀರು ಕಾಸ್ಬೇಕಿತ್ತು" ಎಂದರು. ಇನ್ನೊಬ್ಬರು, "ಸೋಪು ತಂದಿದ್ರೆ ಸ್ನಾನಾನೇ ಮುಗ್ದೋಗದು" ಎಂದರು. ಗೌಡರು ಕಣ್ಣು ಬಿಟ್ಟ ಮೇಲೆ ನಗು ನಿಂತಿತು.

ನಾನು ನೀರಿನ ಕಡೆ ನೋಡುತ್ತಿದ್ದೆ. ಬಂಡೆಯ ಸಂದಿನಲ್ಲಿ ನೊರೆ ಕಟ್ಟಿತ್ತು. ಹಸಿರಿದ್ದ ನೀರು ಚಹಾದ ಬಣ್ಣಕ್ಕೆ ತಿರುಗುತ್ತಿತ್ತು. ನೀರುನಾಯಿಗಳು ಮರಳು ಬಿಟ್ಟು ಸಾಲಾಗಿ ಮೇಲೆ ಹತ್ತಿ ಬಂದು, ಇಷ್ಟು ಜನರನ್ನು ಕಂಡೂ ಹೆದರಿ ಹಿಂದಿರುಗಲಿಲ್ಲ. ಅದನ್ನು ನೋಡಿ ಹೊಳೆ ಏರುತ್ತಿದೆ ಎಂದು ಗೊತ್ತಾಯಿತು. ಕಾವೇರಿಯದು ನಾಳೆ ಬರಬೇಕು, ನಿಜ. ಮೇಲುಗಡೆ ಅವಳನ್ನು ಕೂಡುವ ಕಪಿಲೆ ಯಾರನ್ನೂ ಕೇಳದೆ ಇವತ್ತೇ ಬಂದಿದ್ದಳು.

"ಗೌಡ್ರೆ, ಏಳಿ. ನೀರು ಏರ್ತಾ ಅದೆ."

"ಇರಪ್ಪ ಸಿದ್ರಾಜ, ಒದರ್ಲಿ."

"ಅದು ಒದರೋವರ್ಗೂ ಒಳೆ ಕಾಯಾಕಿಲ್ಲ ಗೌಡ್ರೆ."

"ಅರಕೆ ಅಂದ್ರೆ ನಿನ್ ಟ್ರಿಪ್ಪು ಅಂದ್ಕಂಡ್ಯೇನ್ಲಾ? ಅಮ್ಮ ಒಪ್ದೆ ಓದ್ರೆ ನಾಳೆ ಕೂಸಿಗೇನಾದ್ರೂ ಆದ್ರೆ ನೀ ಬತ್ತೀಯಾ?"

ನಮ್ಮೂರಿನ ದಡದಲ್ಲಿ ಹೊಳೆ ಕಾಯುವ ವಾಚರ್ ಕುಮಾರ ಕೆಂಪು ಟವಲ್ ಬೀಸುತ್ತಿದ್ದ. ಮರಳು ಮುಳುಗಿಯಾಗಿತ್ತು. ಪುಟ್ಟತಾಯಮ್ಮನ ಮಡಿಲಿಂದ ಕೂಸನ್ನು ಎತ್ತಿಕೊಂಡು ತೆಪ್ಪದ ಕಡೆ ನಡೆದೆ. ಕೂಸು ಹೋದರೆ ಹೆಂಗಸರು ಬರುತ್ತಾರೆ, ಹೆಂಗಸರು ಹೋದರೆ ಗಂಡಸರು ಎಷ್ಟು ಹೊತ್ತು ಕೂತಾರು? ಹಾಗೇ ಆಯಿತು. ಎರಡನೆಯ ಸಲಕ್ಕೆ ನಾನು ಹಿಂದಿರುಗಿದಾಗ ತೆಪ್ಪ ಕಟ್ಟುತ್ತಿದ್ದ ಕಲ್ಲೇ ಕಾಣಲಿಲ್ಲ. ಗಂಡಸರೆಲ್ಲ ಹತ್ತಿದರು. ಬೋರೇಗೌಡರು ಕೊನೆಯವರು. ಟಗರನ್ನೂ ಹತ್ತಿಸಿ ಎಂದೆ.

"ಆಗಾಕಿಲ್ಲ. ಅಮ್ಮನ ಮುಂದೆ ನಿಲ್ಸಿದ್ದ ವಾಪಸ್ ತರಂಗಿಲ್ಲ, ಒದರ್ದೆ ಕುಯ್ಯಂಗಿಲ್ಲ. ಅಲ್ಲೇ ಇರ್ಲಿ."

ಅದು ಮರಕ್ಕೆ ಕಟ್ಟಿಹಾಕಿಸಿಕೊಂಡು ನಿಂತಿತ್ತು. ನಾನು ಓಡಿ ಹೋಗಿ ಹಗ್ಗ ಬಿಚ್ಚಿದೆ. ಅಷ್ಟೇ ಮಾಡಲು ಹೊತ್ತಿದ್ದುದು. ಎಷ್ಟು ಹುಟ್ಟು ಹಾಕಿದರೂ ಹೊಳೆ ತೆಪ್ಪವನ್ನು ಕೆಳಕ್ಕೇ ಎಳೆಯಿತು. ನಾವು ಹತ್ತಿದ್ದು ನಮ್ಮ ಕಡವಿನಲ್ಲಲ್ಲ, ಎರಡು ಗದ್ದೆಯಷ್ಟು ಕೆಳಗೆ. ಇಳಿದ ಮೇಲೆ ಗೌಡರು ನನ್ನ ಭುಜದ ಮೇಲೆ ಕೈಯಿಟ್ಟು, "ಅಗ್ಗ ಬಿಚ್ದೋನು ನೀನು. ಇನ್ ಅದು ನಿನ್ ಜವಾಬ್ದಾರಿ ಕಣಪ್ಪ" ಎಂದರು. ಪುಟ್ಟತಾಯಮ್ಮ ನನ್ನ ಫೋನ್ ನಂಬರು ಕೇಳಿದರು.

ಅಲ್ಲಿಂದ ಶುರುವಾಯಿತು.

ಕೊಡಗಿನಲ್ಲಿ ಮಳೆ ನಿಲ್ಲಲೇ ಇಲ್ಲ. ತೆಪ್ಪವನ್ನು ದಡದಲ್ಲಿ ಬೋರಲು ಹಾಕಿ ಕಟ್ಟಿದೆ. ಕೆಲಸವಿಲ್ಲದ ಮೈ ನನ್ನದಲ್ಲವೆನಿಸುತ್ತಿತ್ತು. ಬೆಳಿಗ್ಗೆ ಎದ್ದವನೇ ಹೊಳೆಗೆ ಹೋಗುವುದು, ಮರದ ಬುಡದಲ್ಲಿ ಬಿಳಿ ಚುಕ್ಕೆ ಹುಡುಕುವುದು. ಸಿಕ್ಕರೆ ಉಸಿರು ಬಿಡುವುದು, ಮನೆಗೆ ಬಂದು ಮುದ್ದೆ ಮುರಿಯುವಷ್ಟರಲ್ಲಿ ಮತ್ತೆ ಅನುಮಾನ, ಮತ್ತೆ ಹೊಳೆಗೆ.

"ಆ ಕುರಿ ಮ್ಯಾಲಿರೋ ಗ್ಯಾನ ಮನೆ ಮ್ಯಾಲಿದ್ದಿದ್ರೆ ಸೂರು ಸೋರ್ತಿರ್ನಿಲ್ಲ" ಎನ್ನುತ್ತಿದ್ದಳು ಜಯ.

ಪುಟ್ಟತಾಯಮ್ಮ ದಿನಾ ಬೆಳಿಗ್ಗೆ ಫೋನ್ ಮಾಡುತ್ತಿದ್ದರು. ಯಲಿಯೂರಿನ ಅವರ ಮನೆ ರೈಲು ದಾರಿಗೆ ಹತ್ತಿರ. ಒಂದೊಂದು ದಿನ ರೈಲಿನ ಸದ್ದು ಮುಗಿಯುವವರೆಗೆ ಇಬ್ಬರೂ ಸುಮ್ಮನಿರಬೇಕಾಗುತ್ತಿತ್ತು.

"ಅದಾ ಸಿದ್ದಣ್ಣ?"

"ಅದೆ ಕಣಕ್ಕ. ಮರದ ಬುಡ್ದಲ್ಲೆ ನಿಂತದೆ."

"ಏನ್ ತಿಂತದೋ..."

"ನೀವ್ ಆಕಿದ್ ಹಾರ ತಿಂದದೆ. ಈಗ ಸೊಪ್ಪು."

ಆಚೆಯಿಂದ ಸಣ್ಣ ನಗು ಕೇಳಿಸುತ್ತಿತ್ತು. ಎರಡನೆಯ ವಾರ ನಗು ನಿಂತಿತು. ಕೂಸಿಗೆ ಜ್ವರ ಹತ್ತಿತ್ತು, ಬಿಡುತ್ತಿರಲಿಲ್ಲ. ಮಂಡ್ಯದ ಆಸ್ಪತ್ರೆಗೆ ಸೇರಿಸಿದ್ದರು. ಡಾಕ್ಟರು ಹೆದರಬೇಡಿ ಎಂದಿದ್ದರು. ಪುಟ್ಟತಾಯಮ್ಮನಿಗೆ ಮಾತ್ರ ಜ್ವರವೂ ಟಗರೂ ಒಂದೇ ಹಗ್ಗದಲ್ಲಿ ಕಟ್ಟಿದ ಹಾಗೆ. "ಅದಿರೋವರ್ಗೂ ಇವ್ಳಿಗೇನೂ ಆಗಾಕಿಲ್ಲ ಅನ್ಸ್ತದೆ ಸಿದ್ದಣ್ಣ" ಎಂದರು. ಆ ಮಾತು ಕೇಳಿದ ಮೇಲೆ ನನ್ನ ಕಣ್ಣಿಗೆ ನಿದ್ದೆ ಹತ್ತುವುದೇ ಕಷ್ಟವಾಯಿತು. ನಂಬಿಕೆ ಸರಿಯೋ ತಪ್ಪೋ ಎಂದು ವಾದ ಮಾಡುವವನು ನಾನಲ್ಲ. ಹಗ್ಗ ಬಿಚ್ಚಿದವನು ನಾನು.

ಈ ನಡುವೆ ಜಲಪಾತಕ್ಕೆ ಜನವೋ ಜನ. ನೀರು ಹೆಚ್ಚಾದಷ್ಟೂ ನೋಡುವವರು ಹೆಚ್ಚು. ಬೆಂಗಳೂರಿನ ಹುಡುಗರು ಯಾರೋ ದಡದಿಂದ ಫೋನಿನಲ್ಲಿ ಟಗರಿನ ವಿಡಿಯೋ ತೆಗೆದು ಹಾಕಿದ್ದರಂತೆ. ಕಾವೇರಿ ನಡುವೆ ಒಂಟಿ ಕುರಿ ಎಂದು ಅದು ಎಲ್ಲೆಲ್ಲೋ ಓಡಾಡಿತು. ಕಾರುಗಳು ಕಬ್ಬಿನ ಗದ್ದೆಯ ದಾರಿಗೆ ಇಳಿದವು. ನಾನು ದಡದಲ್ಲಿ ನಿಂತು ಅದು ನೀರುಕಾಗೆ, ಇದು ಬಾವಲಿ ಮರ, ಅಗೋ ಕುರಿ ಎಂದು ತೋರಿಸುವವನಾದೆ.

"ಅಣ್ಣಾ, ಕುರಿ ಎಷ್ಟು ಗಂಟೆಗೆ ಹೊರಗೆ ಬರುತ್ತೆ?" ಎಂದು ಒಬ್ಬಳು ಹುಡುಗಿ ಕೇಳಿದಳು.

"ಅದುಕ್ಕೆ ಡ್ಯೂಟಿ ಇಲ್ಲಮ್ಮ."

"ಮೊಸಳೆ ತಿನ್ನಲ್ವಾ?"

ಅದನ್ನೇ ನಾನೂ ದಿನವೆಲ್ಲ ಕೇಳಿಕೊಳ್ಳುತ್ತಿದ್ದೆ. ನೀರು ಏರಿ ತಿಟ್ಟಿನ ತಲೆಯ ಬಂಡೆ ಮುಳುಗಿತ್ತು, ಬಾಲದ ಮರಳು ಮುಳುಗಿತ್ತು. ಮೊಸಳೆ, ಉಡ, ಹಾವು, ನೀರುನಾಯಿ, ಟಗರು, ಎಲ್ಲಕ್ಕೂ ಉಳಿದದ್ದು ಆ ಒಂದು ದಿಬ್ಬ. ಬಸ್ಸಿನಲ್ಲಿ ಆಗದವರ ಪಕ್ಕ ಕೂತ ಹಾಗೆ ಎಲ್ಲವೂ ಮುಖ ತಿರುಗಿಸಿಕೊಂಡು ಕೂತಿರಬೇಕು.

ಒಂದು ಬೆಳಿಗ್ಗೆ ಬಿಳಿ ಚುಕ್ಕೆ ಕಾಣಲಿಲ್ಲ.

ದಡದ ಉದ್ದಕ್ಕೂ ಓಡಾಡಿದೆ. ಹುಣಸೆ ಮರ ಹತ್ತಿ ನೋಡಿದೆ. ಮತ್ತಿಯ ಬುಡದಲ್ಲಿ ಕಲ್ಲು ಮಾತ್ರ ಇತ್ತು. ಅದರ ಹತ್ತಿರ, ಟಗರು ನಿಲ್ಲುತ್ತಿದ್ದ ಜಾಗದಲ್ಲಿ, ಮೊಸಳೆ ಉದ್ದಕ್ಕೆ ಚಾಚಿಕೊಂಡಿತ್ತು. ಫೋನ್ ಹೊಡೆದುಕೊಂಡಿತು. ಎತ್ತಲಿಲ್ಲ. ಮತ್ತೆ ಹೊಡೆದುಕೊಂಡಿತು. ಏನೆಂದು ಹೇಳಲಿ?

ತೆಪ್ಪದ ಹಗ್ಗಕ್ಕೆ ಕೈ ಹಾಕಿದೆ. ಎಲ್ಲಿದ್ದನೋ, ಕುಮಾರ ಓಡಿ ಬಂದು ತೆಪ್ಪದ ಮೇಲೆ ಕೂತುಬಿಟ್ಟ.

"ಉಚ್ಚು ಇಡಿದದಾ ನಿಂಗೆ? ಒಂದ್ ಕುರಿಗೆ ಪ್ರಾಣ ಬುಡ್ತೀಯೇನ್ಲಾ?"

"ಏಳ್ಲಾ ಮ್ಯಾಲೆ."

"ಏಳಾಕಿಲ್ಲ. ನೀ ಮುಳುಗುದ್ರೆ ತೆಪ್ಪ ಬಂದ್, ನೀ ಬದುಕುದ್ರೆ ನನ್ ಕೆಲ್ಸ ಬಂದ್. ಕುಂತ್ಕ ಸುಮ್ಕೆ."

ನಾವಿಬ್ಬರೂ ಒಂದೇ ಬೆಂಚಿನಲ್ಲಿ ಓದಿದವರು, ಅವನು ಹತ್ತನೆಯವರೆಗೆ ಹೋದ. ಅವನನ್ನು ತಳ್ಳಬಹುದಿತ್ತು. ತಳ್ಳಲಿಲ್ಲ. ಮಧ್ಯಾಹ್ನದವರೆಗೆ ಅವನು ತೆಪ್ಪದ ಮೇಲೆ, ನಾನು ನೆಲದ ಮೇಲೆ ಹಾಗೇ ಕೂತಿದ್ದೆವು. ಜಯ ಇಬ್ಬರಿಗೂ ಅಲ್ಲಿಗೇ ಅನ್ನ ತಂದಳು. ಊಟ ಇಟ್ಟು, ನನ್ನ ಜೇಬಿನಿಂದ ಫೋನ್ ತೆಗೆದುಕೊಂಡು ಪುಟ್ಟತಾಯಮ್ಮನಿಗೆ ಅವಳೇ ಮಾಡಿದಳು.

"ಅಕ್ಕ, ನಾನ್ ಸಿದ್ರಾಜನ್ ಎಂಡ್ರು. ಇವತ್ತು ಕಾಣ್ತಾ ಇಲ್ಲ. ಇಲ್ಲ ಅಂತ ಏಳಾಕಿಲ್ಲ, ಕಾಣ್ತಿಲ್ಲ ಅಂತ ಏಳ್ತೀನಿ ಅಷ್ಟೆ." ಕೇಳಿಸಿಕೊಂಡು, ನನ್ನ ಕಡೆ ತಿರುಗಿ, "ಕೂಸಿಗೆ ಜ್ವರ ಇಳ್ದದಂತೆ. ಟಗರು ಕಾಣೋವರ್ಗೂ ನಂಬಾಕಿಲ್ಲ ಅಂತಾರೆ" ಎಂದಳು.

ಅಲ್ಲಿಂದ ನೀರು ಇಳಿಯುವವರೆಗಿನ ದಿನಗಳು ಹೇಗೆ ಕಳೆದವೆಂದು ಕೇಳಿದರೆ ಹೇಳಲು ಬರುವುದಿಲ್ಲ. ಹೆಂಚು ಬಿಚ್ಚಿ ಮನೆಯ ಸೂರು ಪೂರ್ತಿ ಮರುಜೋಡಿಸಿದೆ. ಬೇಡದ ಗುಂಡಿ ತೋಡಿ ಮುಚ್ಚಿದೆ. ಬಿಳಿ ಚುಕ್ಕೆ ಕಾಣಲೇ ಇಲ್ಲ.

ಶ್ರಾವಣದ ಒಂದು ಮಂಗಳವಾರ ಕುಮಾರ ಅಪಾಯಕ್ಕೆಂದು ದಡದಲ್ಲಿ ನೆಟ್ಟಿದ್ದ ಕೆಂಪು ಬಾವುಟ ಕಿತ್ತ. ಪುಟ್ಟತಾಯಮ್ಮ ಮೊದಲ ಬಸ್ಸಿಗೇ ಬಂದಿದ್ದರು. ಜೊತೆಗೆ ಬೋರೇಗೌಡರು, ಕೈಯಲ್ಲಿ ಚೊಂಬು, ಕಂಕುಳಲ್ಲಿ ಟವಲ್ ಸುತ್ತಿದ ಕತ್ತಿ. ಟಗರು ಇದ್ದರೆ ಹರಕೆ ಮುಗಿಸಿಯೇ ಬರುವುದೆಂದು ಅವರ ಹಟ. ಮೂವರೂ ಹೊಳೆ ದಾಟಿದೆವು.

ದಿಬ್ಬದ ಮೇಲೆ ಮಣ್ಣು ಮೆತ್ತಿದ ಕಲ್ಲು, ಬಾವಲಿಯ ಹಿಕ್ಕೆ, ನೀರುನಾಯಿ ಉಗಿದ ಮೀನಿನ ಮುಳ್ಳು. ಟಗರಿಲ್ಲ. ಪುಟ್ಟತಾಯಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಮರದ ಆಚೆ ಪಕ್ಕಕ್ಕೆ, ನಮ್ಮ ದಡದಿಂದ ಎಂದೂ ಕಾಣದ ಇಳಿಜಾರಿಗೆ ಇಳಿದೆ. ಹೊಳೆ ಅಲ್ಲಿ ಹೊಸ ಮೆಕ್ಕಲು ತಂದು ಹಾಸಿತ್ತು. ಮೆಕ್ಕಲಿನ ಮೇಲೆ ಗೇಣುದ್ದ ಎಳೆ ಹುಲ್ಲು. ಹುಲ್ಲಿನ ನಡುವೆ, ಪಕ್ಕೆಲುಬು ಎಣಿಸುವ ಹಾಗಾಗಿ, ಮೈಯೆಲ್ಲ ಕೆಸರು ಬಣ್ಣವಾಗಿ, ಟಗರು ತಲೆ ಎತ್ತಿ ನನ್ನನ್ನು ನೋಡಿತು. ನೋಡಿ ಮತ್ತೆ ಮೇಯತೊಡಗಿತು.

ಮೇಷ್ಟ್ರ ದ್ವೀಪಕ್ಕೆ ನಾಲ್ಕು ಕಡೆ. ನಾನು ಅಷ್ಟು ದಿನ ಒಂದೇ ಕಡೆ ನೋಡಿಕೊಂಡು ಸತ್ತಿದ್ದೆ.

ಗೌಡರು ಆಗಲೇ ಚೊಂಬು ತುಂಬಿಕೊಂಡು ಬಂದಿದ್ದರು. "ಬಡವಾಗ್ಯದೆ, ಆದ್ರೂ ಅರಕೆ ಅರಕೆನೆ. ಈಗ ಆಕ್ತೀನಿ, ಒದರ್ತದೆ ನೋಡು."

ಪುಟ್ಟತಾಯಮ್ಮ ಅಣ್ಣನ ಮಣಿಕಟ್ಟು ಹಿಡಿದರು. "ಬ್ಯಾಡ ಅಣ್ಣ. ಅದು ಆವತ್ತೇ ಒದರ್ತು."

"ಎಲ್ಲಿ ಒದರ್ತು? ಐದಾರು ಚೊಂಬು ಸುರುದ್ರೂ ಕಲ್ಲು ನಿಂತಂಗೆ ನಿಂತಿತ್ತು."

"ಒಳೆ ನಡುವೆ ಒದರ್ನಿಲ್ವಾ? ನಿನ್ ಪಂಚೆ ನೆನೀನಿಲ್ವಾ? ಕೂಸು ನಗ್ನಿಲ್ವಾ?"

"ಅದು ಲೆಕ್ಕುಕ್ಕಿಲ್ಲ ಕಣಮ್ಮ. ನೀರು ಬಿತ್ತು, ಒದರ್ತು."

"ನೀನು ಆಕೋದು ಏನು, ಆಲಾ?"

"ಇದು ತೀರ್ಥ!"

"ಎಲ್ಲಿಂದ ತುಂಬ್ಕಂಡೆ?"

ಗೌಡರು ಚೊಂಬನ್ನು ನೋಡಿದರು, ಹೊಳೆಯನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. "ಏನಪ್ಪ, ಒದರಿದ್ದ ನೀ ಕಂಡ್ಯಾ? ಅಮ್ಮನ ಮುಂದೆ ನಿಂತಿದ್ದೀಯ, ನೋಡ್ಕಂಡು ಏಳು."

"ಕಂಡೆ ಗೌಡ್ರೆ. ಕಿವಿಯಿಂದ ಬಾಲದ ಗಂಟ ಒದರ್ತು. ನನ್ ಮಕದ್ ಮ್ಯಾಲೇ ಬಿತ್ತು ನೀರು."

"ಮತ್ತೆ ಇಲ್ಲಿ ಯಾಕೆ ಒದರ್ನಿಲ್ಲ?"

"ಒಂದ್ಸಲ ಊಂ ಅಂದೋಳ್ನ ಎಷ್ಟ್ ಸಲ ಕೇಳ್ತೀಯ?" ಎಂದರು ಪುಟ್ಟತಾಯಮ್ಮ. "ಅಮ್ಮ ಊಂ ಅಂದಾಗ ಕತ್ತಿ ನಿನ್ ಟವಲ್ನಾಗೆ ಮಲ್ಗಿತ್ತು. ಅವ್ಳು ಕುರಿ ಒಪ್ಕಂಡವ್ಳೆ ಕಣಣ್ಣ, ಕುಯ್ಯೋದ್ನಲ್ಲ. ಇಷ್ಟ್ ನೀರ್ನಾಗೂ ಉಳುಸ್ಕಂಡವ್ಳಲ್ಲ, ಇನ್ನೇನ್ ಬೇಕು ನಿಂಗೆ?"

ಗೌಡರು ಮರದ ಬುಡಕ್ಕೆ ಹತ್ತಿದರು. ಆಮೇಲೆ ಚೊಂಬಿನ ನೀರನ್ನು ಕಲ್ಲಿನ ಮೇಲೆ ಸುರಿದು, ಮೆತ್ತಿದ ಕೆಸರನ್ನು ಕೈಯಿಂದ ಉಜ್ಜಿ ತೊಳೆದರು. "ಊರ್ನಾಗೆ ಏಳ್ಬ್ಯಾಡ ಕಣಪ್ಪ" ಎಂದು ನನಗೆ ಮೆಲ್ಲಗೆ ಹೇಳಿದರು. "ಕುರಿ ಮುಂದೆ ಸೋತೆ ಅಂತಾರೆ."

ತೆಪ್ಪಕ್ಕೆ ಹತ್ತಿಸಲು ಮೂವರೂ ಸೇರಿ ಎತ್ತಬೇಕಾಯಿತು. ದಡ ಮುಟ್ಟಿದ ಮೇಲೆ ಹಗ್ಗವನ್ನು ಪುಟ್ಟತಾಯಮ್ಮ ನನ್ನ ಕೈಗೇ ಕೊಟ್ಟರು. ಬೇರೆಯವರ ವಸ್ತು ಬಿಟ್ಟಿ ಇಟ್ಟುಕೊಳ್ಳುವವನು ನಾನಲ್ಲ ಎಂದೆ.

"ಬಿಟ್ಟಿ ಅಂತ ಯಾರೇಳಿದ್ರು? ವರ್ಸಕ್ಕೊಂದ್ಸಲ ನಮ್ ಕೂಸುನ್ನ ತೆಪ್ಪದಾಗೆ ಕೂರುಸ್ಕಂಡು ತಿಟ್ಟು ಸುತ್ಸು. ಅಲ್ಗಲ್ಲಿಗ್ ಆಯ್ತು."

ಈ ವರ್ಷವೂ ಬಂದಿದ್ದಳು. ಮೂರೂವರೆ ವರ್ಷದ ಬಾಯಿ, ಮೊಸಳೆಗೆ ಹಲ್ಲುಜ್ಜಿಸುವವರು ಯಾರು ಎಂದು ಕೇಳಿದಳು. ನಾನು ತಿಟ್ಟಿನ ನಾಲ್ಕು ಕಡೆಯೂ ತೋರಿಸಿದೆ. ಟಗರಿಗೆ ಈಗ ವಯಸ್ಸಾಗಿದೆ. ಮಳೆ ಬಿದ್ದಾಗ ಅಂಗಳದಲ್ಲಿ ನಿಂತು ಮೈ ಒದರುತ್ತದೆ, ಯಾರೂ ಕತ್ತಿ ಹುಡುಕುವುದಿಲ್ಲ. ಆದರೂ ನೀರು ಏರುವ ಸುದ್ದಿ ಬಂದ ದಿನ ನಾನು ಹೋಗಿ ತಿಟ್ಟು ನೋಡಿಕೊಂಡು ಬರುತ್ತೇನೆ. ಅಲ್ಲಿ ನನ್ನದೇನೂ ಉಳಿದಿಲ್ಲ ಎಂದು ಗೊತ್ತಿದ್ದೂ.

ಈಗ ನನಗಿರುವುದು: ಎರಡು ತೆಪ್ಪ, ಮೂರು ಹುಟ್ಟು, ಸೋರದ ಮನೆ, ಜಯ, ಮುದಿ ಟಗರು, ಐದು ಹೆಣ್ಣು ಕುರಿ, ನಾಲ್ಕು ಮರಿ.